ಬರ್ಲಿನ್ನಿನ ಗಾಜಿನ ಮನೆ: ಒಂದು ಜೀರ್ಣೋದ್ಧಾರದ ಕುರಿತು



ಜೀರ್ಣೋದ್ಧಾರ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶತಮಾನಗಳಷ್ಟು ಹಳೆಯ ಕಲ್ಲಿನ ಗೋಡೆ, ಗೆದ್ದಲು ಹಿಡಿದ ತೊಲೆ, ಸೋರುವ ಹೆಂಚಿನ ಮಾಡು. ಉಕ್ಕು, ಗಾಜು, ಕಾಂಕ್ರೀಟುಗಳಿಂದ ನಮ್ಮ ತಂದೆತಾಯಂದಿರ ಕಾಲದಲ್ಲಿ ಎದ್ದ ಕಟ್ಟಡಕ್ಕೂ ಮುಪ್ಪು ಬರುತ್ತದೆ, ಅದಕ್ಕೂ ಶುಶ್ರೂಷೆ ಬೇಕಾಗುತ್ತದೆ ಎಂಬ ವಿಚಾರ ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಅಂಥದನ್ನು ಕೆಡವಿ ಹೊಸದನ್ನು ಕಟ್ಟುವುದೇ ಲೋಕರೂಢಿ. ಹಾಗೆ ಮಾಡದೆ, ಐವತ್ತು ವರ್ಷವೂ ತುಂಬದ ಗಾಜಿನ ಕಟ್ಟಡವೊಂದನ್ನು ಕಲ್ಲುಕಲ್ಲಾಗಿ ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಮೊದಲಿನಂತೆಯೇ ಜೋಡಿಸಿಟ್ಟ ಕೆಲಸವೊಂದು ಜರ್ಮನಿಯ ಬರ್ಲಿನ್ ನಗರದಲ್ಲಿ ನಡೆಯಿತು. ಅದಕ್ಕೆ ತಗುಲಿದ ವೆಚ್ಚ ಸುಮಾರು 14 ಕೋಟಿ ಯೂರೊ. ಅದು ಯೋಗ್ಯವೇ, ಅಯೋಗ್ಯವೇ? ದುರಸ್ತಿ ಮಾಡುವವನು ಮೂಲ ಶಿಲ್ಪಿಗೆ ಎಷ್ಟರ ಮಟ್ಟಿಗೆ ವಿಧೇಯನಾಗಿರಬೇಕು? ಶಿಲ್ಪಿಯ ತಪ್ಪುಗಳಿಗೂ ವಿಧೇಯನಾಗಬೇಕೇ? ಈ ಪ್ರಶ್ನೆಗಳನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಕಟ್ಟಡದ ಹೆಸರು ನೋಯೆ ನಾಟ್ಸಿಯೊನಾಲ್‌ಗಲೆರಿ, ಅಂದರೆ ಹೊಸ ರಾಷ್ಟ್ರೀಯ ಚಿತ್ರಶಾಲೆ. ಇಪ್ಪತ್ತನೆಯ ಶತಮಾನದ ಕಲಾಕೃತಿಗಳಿಗಾಗಿ ಕಟ್ಟಿದ ಮನೆ. ಶಿಲ್ಪಿ ಲುಡ್ವಿಗ್ ಮೀಸ್ ಫಾನ್ ಡೆರ್ ರೋಹೆ. 1886ರಲ್ಲಿ ಆಖೆನ್ ಪಟ್ಟಣದ ಕಲ್ಲುಕುಟಿಗನ ಮಗನಾಗಿ ಹುಟ್ಟಿದ ಮೀಸ್ ಅಲ್ಲಿನ ಪ್ರಧಾನಾಲಯದ ಶಾಲೆಯಲ್ಲಿ ಓದಿದವರು. ಕ್ರಮಬದ್ಧವಾದ ಉನ್ನತ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಆದರೆ ಸಂತ ಅಗಸ್ಟೀನರನ್ನೂ ಸಂತ ತೋಮಾಸ್ ಅಕ್ವಿನಾಸರನ್ನೂ, ತಮ್ಮ ಕಾಲದ ದೈವಶಾಸ್ತ್ರಜ್ಞ ರೊಮಾನೊ ಗ್ವಾರ್ದಿನಿಯವರನ್ನೂ ಆಸಕ್ತಿಯಿಂದ ಓದಿಕೊಂಡರು. ಸೌಂದರ್ಯವೆಂಬುದು ಸತ್ಯದ ಪ್ರಭೆ ಎಂಬ ಹಳೆಯ ಮಾತನ್ನು ಅವರು ಮತ್ತೆ ಮತ್ತೆ ನೆನೆಯುತ್ತಿದ್ದರು. ಸುಪ್ರಸಿದ್ಧ ಬೌಹೌಸ್ ಕಲಾಶಾಲೆಗೆ ಅವರೇ ಕೊನೆಯ ನಿರ್ದೇಶಕರು. 1933ರಲ್ಲಿ ಆ ಶಾಲೆ ಮುಚ್ಚಿತು, 1938ರಲ್ಲಿ ಅವರು ತಾಯ್ನಾಡನ್ನು ತೊರೆದು ಅಮೆರಿಕದ ಶಿಕಾಗೊ ಸೇರಿದರು. ನಾಟ್ಸಿ ಸರ್ಕಾರವು 1937ರಲ್ಲಿ ಆಧುನಿಕ ಚಿತ್ರಗಳನ್ನೆಲ್ಲ ಅವನತಿಯ ಕಲೆ ಎಂದು ಜರೆದು ಬರ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಯಿಂದಲೂ ಕಿತ್ತೊಯ್ದಿತ್ತು. ಯುದ್ಧ ಮುಗಿದು ನಗರ ಇಬ್ಭಾಗವಾದ ಮೇಲೆ, ಹೀಗೆ ದೇಶ ಬಿಟ್ಟುಹೋದ ಶಿಲ್ಪಿಯನ್ನೇ ಪಶ್ಚಿಮ ಬರ್ಲಿನ್ 1962ರಲ್ಲಿ ಕರೆದು, ಹೀಗೆ ಅವಮಾನಿತವಾದ ಕಲೆಗೆ ಒಂದು ಮನೆ ಕಟ್ಟಿಕೊಡಿ ಎಂದು ಕೇಳಿತು. ಯುದ್ಧಾನಂತರ ಅವರು ಜರ್ಮನಿಯಲ್ಲಿ ಕಟ್ಟಿದ್ದು ಇದೊಂದೇ. ಈ ಹಿನ್ನೆಲೆಯನ್ನು ಮರೆತು ಕಟ್ಟಡವನ್ನು ಬರಿಯ ಉಕ್ಕಿನ ಚೌಕಟ್ಟೆಂದು ನೋಡಿದರೆ ಅದಕ್ಕಾಗಿ ಸುರಿದ ಹಣ ನಮಗೆ ಹುಚ್ಚಾಟವೆಂದೇ ತೋರೀತು.

ಕಟ್ಟಡದ ರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಎತ್ತರದ ಕಲ್ಲಿನ ಜಗಲಿ. ಅದರ ಮೇಲೆ ಎಂಟೇ ಎಂಟು ಉಕ್ಕಿನ ಕಂಬಗಳು ಹೊತ್ತುನಿಂತ ಕಪ್ಪು ಬಣ್ಣದ ಚಪ್ಪಟೆ ಚಾವಣಿ. ಚಾವಣಿಯ ಒಂದೊಂದು ಬದಿಯೂ 64.8 ಮೀಟರು, ತೂಕ ಸುಮಾರು 1,250 ಟನ್ನು. ಕಂಬಗಳು ಬದಿಗೆ ಎರಡರಂತೆ ನಿಂತಿವೆಯೇ ಹೊರತು ಮೂಲೆಗಳಲ್ಲಿ ಇಲ್ಲ. ಆದ್ದರಿಂದ ನಾಲ್ಕು ಮೂಲೆಗಳೂ ಆಧಾರವಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿವೆ. ಆ ನೆರಳಿನೊಳಗೆ, ಅಂಚಿನಿಂದ ಹಿಂದೆ ಸರಿದು, ಗಾಜಿನ ಗೋಡೆಯ ಒಂದು ಸಭಾಂಗಣ, 8.4 ಮೀಟರು ಎತ್ತರ, ಒಳಗೆ ಒಂದೂ ಕಂಬವಿಲ್ಲ. 1967ರ ಏಪ್ರಿಲ್ 5ರಂದು ನೆಲದ ಮೇಲೆಯೇ ಬೆಸೆದಿಟ್ಟಿದ್ದ ಇಡೀ ಚಾವಣಿಯನ್ನು ಜಾಕ್‌ಗಳ ಸಹಾಯದಿಂದ ಒಂದೇ ದಿನದಲ್ಲಿ ಮೇಲೆತ್ತಿದರು. ಎಂಬತ್ತೊಂದು ವರ್ಷದ ಮೀಸ್ ಅದನ್ನು ನೋಡಲು ಶಿಕಾಗೊದಿಂದ ಬಂದಿದ್ದರು. ಮರುವರ್ಷ ಸೆಪ್ಟೆಂಬರ್ 15ರಂದು ನಡೆದ ಉದ್ಘಾಟನೆಗೆ ಮಾತ್ರ ಬರಲು ಅವರಿಗೆ ಆರೋಗ್ಯವಿರಲಿಲ್ಲ. 1969ರ ಆಗಸ್ಟಿನಲ್ಲಿ ತೀರಿಕೊಂಡರು.

ಇನ್ನು ಅದರ ದೋಷಗಳು. ಮೊದಲನೆಯದು ಹುಟ್ಟಿನಿಂದಲೇ ಬಂದದ್ದು: ಚಿತ್ರಶಾಲೆಯೆಂದು ಕಟ್ಟಿದ ಈ ಭವ್ಯ ಸಭಾಂಗಣದಲ್ಲಿ ಚಿತ್ರ ತೂಗುಹಾಕಲು ಗೋಡೆಯೇ ಇಲ್ಲ. 1968ರ ಮೊದಲ ಪ್ರದರ್ಶನದಲ್ಲಿ ಡಚ್ ಕಲಾವಿದ ಪೀಟ್ ಮೊಂಡ್ರಿಯಾನರ ಚಿತ್ರಗಳನ್ನು ಚಾವಣಿಯಿಂದ ಇಳಿಬಿಟ್ಟ ಬಿಳಿಯ ಹಲಗೆಗಳ ಮೇಲೆ ತೂಗಬೇಕಾಯಿತು. ಆ ವಿಶಾಲತೆಯಲ್ಲಿ ಚಿಕ್ಕ ಚಿತ್ರಗಳು ಕಳೆದುಹೋದಂತೆ ಕಂಡವು. ಹಗಲಿನ ಬಿಸಿಲು ತುಂಬಿದ ಗಾಜಿನ ಕೋಣೆ ಚಿತ್ರಗಳಿಗೆ ಶತ್ರು ಕೂಡ. ಎಣ್ಣೆಬಣ್ಣದ ಚಿತ್ರಕ್ಕೆ ಸುಮಾರು 200 ಲಕ್ಸ್, ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್ ಬೆಳಕು ಸಾಕೆಂಬುದು ಸಂಗ್ರಹಾಲಯಗಳ ರೂಢಿ; ನೇರ ಬಿಸಿಲಿನಲ್ಲಿ ಅದು ಲಕ್ಷದವರೆಗೂ ಏರುತ್ತದೆ. ಹಾಗಾಗಿ ಸ್ಥಾಯಿ ಸಂಗ್ರಹವೆಲ್ಲ ಜಗಲಿಯ ಕೆಳಗಿನ ನೆಲಮಾಳಿಗೆಗೆ ಇಳಿಯಿತು. ಮೇಲೆ ಶಿಲ್ಪಿಯ ವೈಭವ, ಕೆಳಗೆ ಕಲೆಯ ವಾಸ! ಸಭಾಂಗಣದಲ್ಲಿ ಪ್ರದರ್ಶನ ನಡೆಸುವುದು ಕಷ್ಟವೆಂದು ತಮಗೆ ಗೊತ್ತೆಂದೂ, ಅದರ ಸಾಧ್ಯತೆಗಳು ದೊಡ್ಡವಾದ್ದರಿಂದ ಆ ಕಷ್ಟವನ್ನು ಲೆಕ್ಕಕ್ಕೆ ಹಿಡಿಯಲಾರೆನೆಂದೂ ಮೀಸ್ ಹೇಳಿದ್ದುಂಟು. ಮಹಾನುಭಾವರ ಮಾತಾದರೂ ಇದರಲ್ಲಿ ಒಂದಿಷ್ಟು ದರ್ಪವಿದೆ ಎಂದೇ ನಮ್ಮ ಭಾವನೆ.

ಎರಡನೆಯ ದೋಷ ಗಾಜಿನದು. ಬೇಸಿಗೆಯಲ್ಲಿ ಉಕ್ಕು ಹಿಗ್ಗುತ್ತದೆ, ಚಳಿಗಾಲದಲ್ಲಿ ಕುಗ್ಗುತ್ತದೆ. ಗಾಜನ್ನು ಹಿಡಿದ ಉಕ್ಕಿನ ಚೌಕಟ್ಟಿನಲ್ಲಿ ಈ ಚಲನೆಗೆ ಸಾಕಷ್ಟು ಎಡೆಯಿರಲಿಲ್ಲ. ಗಾಜುಗಳು ಒಂದರ ಹಿಂದೊಂದು ಬಿರುಕುಬಿಟ್ಟವು. ಅಷ್ಟು ಅಗಲದ, ಅಂದರೆ ಸುಮಾರು ಮೂರೂವರೆ ಮೀಟರು ಅಗಲದ ಗಾಜನ್ನು ತಯಾರಿಸುವುದನ್ನು ಯೂರೋಪಿನ ಕಾರ್ಖಾನೆಗಳು ನಿಲ್ಲಿಸಿದ್ದವು. ಒಡೆದಲ್ಲೆಲ್ಲ ಎರಡು ತುಂಡುಗಳನ್ನು ನಡುವೆ ಜೋಡಿಸಿ ಕೂರಿಸುತ್ತ ಬಂದರು. ನಿರಾಬಾಧವಾಗಿ ಇರಬೇಕಾದ ಪಾರದರ್ಶಕತೆಯ ನಡುವೆ ಅಲ್ಲಲ್ಲಿ ಹೊಲಿಗೆಯಂತೆ ಒಂದು ಲಂಬ ಗೆರೆ. ಇದಲ್ಲದೆ, ಅದು ಒಂದೇ ಪದರದ ಗಾಜಾದ್ದರಿಂದ ಬರ್ಲಿನ್ನಿನ ಚಳಿಯಲ್ಲಿ ಒಳಗಿನ ಬೆಚ್ಚಗಿನ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಕೆಳಗೆ ಹರಿಯುತ್ತಿತ್ತು. ಹರಿದ ನೀರು ಉಕ್ಕಿಗೆ ತುಕ್ಕು ಹಿಡಿಸುತ್ತಿತ್ತು. ಮಿಕ್ಕ ರೋಗಗಳು ಎಲ್ಲ ಕಟ್ಟಡಗಳಿಗೂ ಬರುವಂಥವೇ: ಶಿಥಿಲವಾದ ಕಾಂಕ್ರೀಟು, ಹಳೆಯದಾದ ವಿದ್ಯುತ್ ತಂತಿ, ಇಕ್ಕಟ್ಟಾದ ಉಗ್ರಾಣ, ಗಾಲಿಕುರ್ಚಿಯಲ್ಲಿ ಬರುವವರಿಗೆ ದಾರಿಯಿಲ್ಲದಿರುವುದು.

ಈ ಕೆಲಸ ಬ್ರಿಟಿಷ್ ವಾಸ್ತುಶಿಲ್ಪಿ ಡೇವಿಡ್ ಚಿಪ್ಪರ್‌ಫೀಲ್ಡರ ಕಚೇರಿಗೆ ಒಪ್ಪಿಸಲ್ಪಟ್ಟಿತು. ಮೂಲ ಕಟ್ಟಡ ಏಳುವಾಗ ಅಜ್ಜನ ಜೊತೆ ದುಡಿದಿದ್ದ ಮೀಸರ ಮೊಮ್ಮಗ ಡರ್ಕ್ ಲೊಹಾನರು ಸಲಹೆಗಾರರಾದರು. 2015ರ ಆರಂಭದಲ್ಲಿ ಚಿತ್ರಶಾಲೆ ಬಾಗಿಲು ಮುಚ್ಚಿತು. ಮುಚ್ಚುವ ಮುನ್ನ ಚಿಪ್ಪರ್‌ಫೀಲ್ಡರು ಒಂದು ವಿನೋದದ ಪ್ರದರ್ಶನ ಏರ್ಪಡಿಸಿದ್ದರು: ತೊಗಟೆ ಸುಲಿದ 144 ಮರದ ಕಾಂಡಗಳನ್ನು ಸಭಾಂಗಣದ ತುಂಬ ನಿಲ್ಲಿಸಿ, ಚಾವಣಿಗೆ ಊರುಗೋಲು ಕೊಟ್ಟಂತೆ ತೋರಿಸಿದರು. ಮುದಿಯಾದ ಕಟ್ಟಡಕ್ಕೆ ಆಸರೆ ಬೇಕಾಗಿದೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಆಮೇಲೆ ಬಿಚ್ಚುವ ಕೆಲಸ. ಜಗಲಿಯ ಗ್ರಾನೈಟ್ ಚಪ್ಪಡಿಗಳು, ಕಂದು ಓಕ್ ಮರದ ಹಲಗೆಗಳು, ಹಿಡಿಕೆಗಳು, ದೀಪಗಳು ಎಲ್ಲ ಸೇರಿ ಸುಮಾರು 35,000 ಭಾಗಗಳನ್ನು ಕಳಚಿ, ಒಂದೊಂದಕ್ಕೂ ಗುರುತು ಹಾಕಿ, ಉಗ್ರಾಣಗಳಲ್ಲಿಟ್ಟು, ಶುಚಿಗೊಳಿಸಿ, ಕೊನೆಗೆ ಅವುಗಳ ಹಿಂದಿನ ಸ್ಥಾನದಲ್ಲೇ ಕೂರಿಸಿದರು. ನೆಲದ ಚಪ್ಪಡಿ ಹಳೆಯದಾಯಿತೆಂದು ಕಿತ್ತು ಹೊಳೆಯುವ ಹೊಸ ಕಲ್ಲು ಹಾಸುವುದನ್ನೇ ಅಭಿವೃದ್ಧಿ ಎಂದು ತಿಳಿದ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಎಷ್ಟು ಸಾಧ್ಯವೋ ಅಷ್ಟು ಮೀಸ್ ಉಳಿಯಲಿ ಎಂಬುದು ಕೆಲಸಗಾರರ ಸೂತ್ರವಾಗಿತ್ತು.

ಈ ಸೂತ್ರಕ್ಕೆ ನಿಜವಾದ ಪರೀಕ್ಷೆ ಬಂದದ್ದು ಗಾಜಿನ ಮುಂದೆ. ಎರಡು ಪದರಗಳ ನಡುವೆ ಗಾಳಿಯನ್ನು ಹಿಡಿದಿಡುವ ಶಾಖನಿರೋಧಕ ಗಾಜು ಹಾಕಿದ್ದರೆ ನೀರು ಹನಿಗಟ್ಟುವ ತೊಂದರೆ ಬಹುಮಟ್ಟಿಗೆ ಮುಗಿಯುತ್ತಿತ್ತು, ಇಂಧನವೂ ಉಳಿಯುತ್ತಿತ್ತು. ಆದರೆ ಅಂಥ ಗಾಜು ದಪ್ಪ ಮತ್ತು ಭಾರ. ಅದನ್ನು ಹಿಡಿಯಲು ಮೀಸರ ತೆಳ್ಳನೆಯ ಉಕ್ಕಿನ ಚೌಕಟ್ಟನ್ನು ದಪ್ಪಗೊಳಿಸಬೇಕು, ಪ್ರತಿಬಿಂಬವೂ ಇಮ್ಮಡಿಯಾಗುತ್ತದೆ. ಹಾಗೆ ಮಾಡಿದ್ದರೆ ಕಟ್ಟಡವಿರುತ್ತಿತ್ತು, ಅದರ ಲಘುತ್ವ ಹೋಗುತ್ತಿತ್ತು. ಚಿಪ್ಪರ್‌ಫೀಲ್ಡರ ತಂಡ ಆ ದಾರಿಯನ್ನು ಬಿಟ್ಟಿತು. ಎರಡು ಹಾಳೆಗಳನ್ನು ಒಂದಾಗಿ ಅಂಟಿಸಿದ, ಒಡೆದರೂ ಚೂರಾಗಿ ಉದುರದ ಗಾಜನ್ನು ಆರಿಸಿಕೊಂಡಿತು. ಬೇಕಾದ ಅಗಲದ ಗಾಜು ಕೊನೆಗೆ ಚೀನಾದಿಂದ ಬಂತು. ಉಕ್ಕಿನ ಚೌಕಟ್ಟಿನಲ್ಲಿ ಹಿಗ್ಗು ಕುಗ್ಗುಗಳಿಗೆ ಎಡೆ ಮಾಡಿಕೊಟ್ಟರು. ಆ ಬದಲಾವಣೆ ನೋಡುವವನ ಕಣ್ಣಿಗೆ ಬೀಳದಂತೆ ಎಚ್ಚರ ವಹಿಸಿದರು. ನಡುವಿನ ಹೊಲಿಗೆಯ ಗೆರೆಗಳು ಮಾಯವಾದವು. ಹನಿಗಟ್ಟುವ ತೊಂದರೆ ಮಾತ್ರ ಪೂರ್ತಿ ಹೋಗಲಿಲ್ಲ. ಕಡುಚಳಿಯ ದಿನಗಳಲ್ಲಿ ಅದನ್ನು ಸಹಿಸಿಕೊಂಡೇ ಕಟ್ಟಡವನ್ನು ಬಳಸಬೇಕು.

ಓದುಗ ಮಿತ್ರರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಒಂದೇ ಗಾಜಿನಲ್ಲಿ ಎರಡು ದೋಷಗಳಿದ್ದವು. ಬಿರುಕುಬಿಡುವ ದೋಷವನ್ನು ತಿದ್ದಿದರು, ಹನಿಗಟ್ಟುವ ದೋಷವನ್ನು ಬಹುಪಾಲು ಉಳಿಸಿಕೊಂಡರು. ಮೊದಲನೆಯದನ್ನು ಕಿತ್ತರೆ ಕಟ್ಟಡದ ಸ್ವರೂಪಕ್ಕೆ ಏನೂ ಆಗುತ್ತಿರಲಿಲ್ಲ; ಎರಡನೆಯದನ್ನು ಕಿತ್ತರೆ ಸ್ವರೂಪವೇ ಕಿತ್ತುಬರುತ್ತಿತ್ತು. ಗೋಧಿಯ ನಡುವಿನ ಕಳೆಯ ಸಾಮತಿ ತಮಗೆ ನೆನಪಾಗಬಹುದು. ಇಂಧನವನ್ನು ಮಿತವಾಗಿ ಬಳಸಬೇಕಾದ ಈ ಕಾಲದಲ್ಲಿ ಇಂಥ ಗಾಜು ಹಾಕುವುದು ಸರಿಯೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹೊಸ ಕಟ್ಟಡಕ್ಕೆ ಯಾರಾದರೂ ಹೀಗೆ ಮಾಡಿದರೆ ನಾವೂ ಖಂಡಿಸುತ್ತಿದ್ದೆವು. ಜಗತ್ತಿನಲ್ಲಿ ಒಂದೇ ಒಂದು ಇರುವ ವಸ್ತುವಿನ ವಿಷಯದಲ್ಲಿ ಮಾತ್ರ ಆ ದಂಡವನ್ನು ತೆರುವುದು ಒಪ್ಪಬಹುದಾದದ್ದೆಂದು ನಮಗೆ ತೋರುತ್ತದೆ.

ದೀಪಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ತಮ್ಮ ಮನೆಗಳಲ್ಲಿ ಹಳೆಯ ತಂತಿಬಲ್ಬನ್ನು ತೆಗೆದು ಎಲ್‌ಇಡಿ ಹಾಕಿದ ದಿನ ಊಟದ ತಟ್ಟೆಯಲ್ಲಿದ್ದ ಸಾರಿನ ಬಣ್ಣ ಬೇರೆಯಾಗಿ ಕಂಡದ್ದನ್ನು ನೆನಪಿಸಿಕೊಳ್ಳಿ. ತಂತಿಬಲ್ಬಿನ ಬೆಳಕು ಹಳದಿ. ತಗ್ಗಿಸಿದಂತೆಲ್ಲ ಕೆಂಪಿನ ಕಡೆಗೆ ವಾಲುತ್ತದೆ. ಅಗ್ಗದ ಎಲ್‌ಇಡಿ ಕಡುಗೆಂಪನ್ನು ಮಂಕಾಗಿಸುತ್ತದೆ. ಮನೆಯಲ್ಲಿ ಇದು ಸಣ್ಣ ಸಂಗತಿ. ಆದರೆ ಈ ಚಿತ್ರಶಾಲೆಯ ನೆಲಮಾಳಿಗೆಯಲ್ಲಿ ಎರ್ನ್ಸ್ಟ್ ಲುಡ್ವಿಗ್ ಕಿರ್ಶ್ನರರ 1914ರ ‘ಪಾಟ್ಸ್‌ಡಾಮರ್ ಪ್ಲಾಟ್ಸ್’ ಎಂಬ ಚಿತ್ರವಿದೆ. ಅದರಲ್ಲಿ ಹಸಿರು ಬಳಿದಂತಿರುವ ರಸ್ತೆ, ಇಬ್ಬರು ಹೆಂಗಸರು, ಹಿಂದೆ ಕೆಂಪು ಕಟ್ಟಡ. ಆ ಕೆಂಪಿಗೂ ಹಸಿರಿಗೂ ಇರುವ ಜಗಳವೇ ಚಿತ್ರದ ಪ್ರಾಣ. ದೀಪ ಕೆಟ್ಟದ್ದಾದರೆ ಜಗಳವೇ ನಿಂತುಹೋಗುತ್ತದೆ.

ಯೂರೋಪಿನಲ್ಲಿ ತಂತಿಬಲ್ಬುಗಳ ಮಾರಾಟವನ್ನು 2009ರಿಂದ ಹಂತಹಂತವಾಗಿ ನಿಲ್ಲಿಸಲಾಯಿತು. ಹೀಗಾಗಿ ದೀಪಗಳನ್ನು ಬದಲಿಸದೆ ಗತ್ಯಂತರವಿರಲಿಲ್ಲ. ಸುಲಭದ ಮಾರ್ಗವೆಂದರೆ ಹಳೆಯ ದೀಪಗಳನ್ನೆಲ್ಲ ಎಸೆದು ಇಂದಿನ ಕಂಬಿಗಳನ್ನೂ ದೀಪಗಳನ್ನೂ ಅಳವಡಿಸುವುದು. ಅದನ್ನು ಅವರು ಮಾಡಲಿಲ್ಲ. ಮೂಲ ದೀಪಗಳ ಲೋಹದ ಹೊರಕವಚವನ್ನು ಉಳಿಸಿ, ಒಳಗಿನ ಬೆಳಕಿನ ಮೂಲವನ್ನಷ್ಟೇ ಎಲ್‌ಇಡಿಗೆ ಬದಲಾಯಿಸಿದರು. ಎಲ್‌ಇಡಿಯ ಬೆಳಕು ಸಣ್ಣ ಸಣ್ಣ ಬಿಂದುಗಳಿಂದ ಹೊಮ್ಮುವಂಥದು. ಅದನ್ನು ಮಸೂರ ಮತ್ತು ಪ್ರತಿಫಲಕಗಳಿಂದ ಹದಮಾಡದಿದ್ದರೆ ಗೋಡೆಯ ಮೇಲೆ ನೆರಳುಗಳು ಸೀಳಿಕೊಳ್ಳುತ್ತವೆ. ಗೋಡೆಯ ಮೇಲಿನಿಂದ ಕೆಳಗಿನವರೆಗೂ ನೀರು ಇಳಿದಂತೆ ಒಂದೇ ಸಮ ಬೆಳಕು ಬೀಳಬೇಕೆಂಬುದು ನೆಲಮಾಳಿಗೆಯ ಮೂಲ ಕಲ್ಪನೆ. ಈ ಕಲ್ಪನೆಗೂ ನಮ್ಮ ಕಾಲದ ಪ್ರದರ್ಶನ ಪದ್ಧತಿಗೂ ಹೊಂದಾಣಿಕೆ ಕಡಿಮೆ. ಇಂದು ಒಂದೊಂದು ಚಿತ್ರಕ್ಕೂ ಪ್ರತ್ಯೇಕ ದೀಪ ಹಿಡಿದು, ಸುತ್ತ ಕತ್ತಲೆ ಮಾಡಿ, ಆಭರಣದಂಗಡಿಯ ಒಡವೆಯಂತೆ ತೋರಿಸುವುದು ಹೆಚ್ಚು. ಸಮವಾದ ಬೆಳಕಿನಲ್ಲಿ ಚಿತ್ರವೂ ಗೋಡೆಯೂ ನೋಡುವವನೂ ಒಂದೇ ಕೋಣೆಯಲ್ಲಿರುತ್ತಾರೆ. ನಮ್ಮ ಮತ ಸಮಬೆಳಕಿನ ಪರ.

ಮೇಲಿನ ಸಭಾಂಗಣದಲ್ಲಿ ಪ್ರಶ್ನೆ ಬೇರೆ. ಹಗಲಲ್ಲಿ ಸೂರ್ಯನೇ ದೀಪ. ಸಂಜೆಯಾದ ಮೇಲೆ, ಕಪ್ಪು ಚಾವಣಿಯ ಚೌಕಗಳೊಳಗೆ ಅಡಗಿದ ದೀಪಗಳು ಹತ್ತಿದಾಗ, ಕಟ್ಟಡ ಹೊರಗಿನವರಿಗೆ ಲಾಂದ್ರದಂತೆ ಕಾಣುತ್ತದೆ. ಒಳಗಿನ ಬೆಳಕನ್ನು ಅಳತೆ ಮೀರಿ ಏರಿಸಿದರೆ ಒಳಗೆ ನಿಂತವನಿಗೆ ಗಾಜೆಲ್ಲ ಕನ್ನಡಿಯಾಗಿ, ಹೊರಗಿನ ನಗರ ಅಳಿಸಿಹೋಗಿ ತನ್ನ ಮುಖವೇ ಕಾಣುತ್ತದೆ. ಆದ್ದರಿಂದ ಇಲ್ಲಿ ದೀಪದ ಕೆಲಸವೆಂದರೆ ಬೆಳಗುವುದಕ್ಕಿಂತ ಹೆಚ್ಚಾಗಿ ತಗ್ಗಿ ನಡೆಯುವುದು. ಅಮೆರಿಕದ ಕಲಾವಿದೆ ಜೆನ್ನಿ ಹೋಲ್ಜರ್ 2001ರಲ್ಲಿ ಈ ಸಭಾಂಗಣದ ಚಾವಣಿಗೆ ಹದಿಮೂರು ಎಲ್‌ಇಡಿ ಪಟ್ಟಿಗಳನ್ನು ಕಟ್ಟಿ, ಅವುಗಳಲ್ಲಿ ಹಳದಿ ಅಕ್ಷರಗಳನ್ನು ಹರಿಯಬಿಟ್ಟಿದ್ದರು. ನೆಲವನ್ನು ಖಾಲಿ ಬಿಟ್ಟರು. ಗೋಡೆಯಿಲ್ಲದ ಕೋಣೆಯಲ್ಲಿ ಗೋಡೆಯನ್ನು ಹುಡುಕದೆ ಚಾವಣಿಯನ್ನು ನೋಡಿದ್ದು ಅವರ ಜಾಣತನ. ಮೀಸ್ ಹೇಳಿದ ದೊಡ್ಡ ಸಾಧ್ಯತೆ ಇದೇ ಇರಬೇಕು. ಆದರೆ ಅದನ್ನು ಕಂಡುಕೊಂಡ ಕಲಾವಿದರು ವಿರಳ.

ಇಷ್ಟು ಹೇಳಿದ ಮೇಲೆ ಒಂದು ಶಂಕೆಯನ್ನೂ ಹೇಳಬೇಕು. ಇದೇ ಬರ್ಲಿನ್ನಿನಲ್ಲಿ, ಇದೇ ಚಿಪ್ಪರ್‌ಫೀಲ್ಡರು, 2009ರಲ್ಲಿ ಮತ್ತೆ ತೆರೆದ ನೋಯೆಸ್ ಮ್ಯೂಸಿಯಂ ಎಂಬ ಹತ್ತೊಂಬತ್ತನೆಯ ಶತಮಾನದ ಸಂಗ್ರಹಾಲಯವನ್ನು ದುರಸ್ತಿ ಮಾಡಿದ್ದರು. ಯುದ್ಧದ ಬಾಂಬಿಗೆ ಸಿಕ್ಕಿ ದಶಕಗಳ ಕಾಲ ಪಾಳುಬಿದ್ದಿದ್ದ ಆ ಕಟ್ಟಡದಲ್ಲಿ ಅವರು ಗಾಯಗಳನ್ನು ಮುಚ್ಚಲಿಲ್ಲ. ಸುಟ್ಟ ಗಾರೆ, ಗುಂಡೇಟಿನ ಗುರುತು, ಅಳಿದುಳಿದ ಭಿತ್ತಿಚಿತ್ರಗಳನ್ನು ಹಾಗೆಯೇ ಬಿಟ್ಟು, ಇಲ್ಲದ ಭಾಗವನ್ನು ಸರಳವಾದ ಹೊಸ ಇಟ್ಟಿಗೆಯಿಂದ ತುಂಬಿದರು. ಪುನರುತ್ಥಾನಗೊಂಡ ಪ್ರಭುವಿನ ದೇಹದಲ್ಲೂ ಮೊಳೆಯ ಗಾಯಗಳು ಉಳಿದಿದ್ದವಲ್ಲವೇ? ಹಾಗಿರುವಾಗ ಮೀಸರ ಕಟ್ಟಡದಲ್ಲಿ ಮಾತ್ರ ಐವತ್ತು ವರ್ಷಗಳ ಸವೆತವನ್ನೆಲ್ಲ ಒರೆಸಿ, ಏನೂ ನಡೆಯಲೇ ಇಲ್ಲವೆಂಬಂತೆ 1968ಕ್ಕೆ ಹಿಂದಿರುಗಿಸಿದ್ದು ಏಕೆ? ಒಂದರ ಗಾಯ ಚರಿತ್ರೆ, ಇನ್ನೊಂದರ ಗಾಯ ಬರಿಯ ಸವೆತ ಎಂಬ ಉತ್ತರ ದೊರೆಯುತ್ತದೆ. ಬಹುಮಟ್ಟಿಗೆ ಅದು ಸರಿ. ಆದರೂ ಎಷ್ಟು ಸಾಧ್ಯವೋ ಅಷ್ಟು ಮೀಸ್ ಎಂಬ ಸೂತ್ರದಲ್ಲಿ ಗೌರವ ವಿಗ್ರಹಾರಾಧನೆಯಾಗುವ ಅಪಾಯವಿದೆ. ಶಿಲ್ಪಿಯ ಮೇಲಿನ ಭಕ್ತಿಯಲ್ಲಿ, ಅವನ ಕಟ್ಟಡ ಯಾರಿಗಾಗಿ ಎಂಬುದು ಮರೆಯಬಾರದು.

ಆ ಅಪಾಯದಿಂದ ಈ ಜೀರ್ಣೋದ್ಧಾರವನ್ನು ಪಾರುಮಾಡಿದ್ದು, ನಮ್ಮ ದೃಷ್ಟಿಯಲ್ಲಿ, ಯಾರೂ ಹೆಚ್ಚಾಗಿ ಹೊಗಳದ ಒಂದು ಭಾಗ. ನೆಲಮಾಳಿಗೆಯಲ್ಲಿ ಹಿಂದೆ ಚಿತ್ರಗಳ ಉಗ್ರಾಣವಾಗಿದ್ದ ಕೋಣೆಗಳು ಈಗ ಸಂದರ್ಶಕರು ಕೋಟು, ಚೀಲಗಳನ್ನು ಇಡುವ ಜಾಗ ಮತ್ತು ಪುಸ್ತಕದಂಗಡಿ. ಉಗ್ರಾಣವನ್ನು ಜಗಲಿಯ ಮುಂದಿನ ನೆಲದಡಿಗೆ ಹೊಸದಾಗಿ ತೋಡಿ ಕಟ್ಟಿದರು. ಈ ಕೋಣೆಗಳಲ್ಲಿ ಕಾಂಕ್ರೀಟಿನ ಕಂಬಗಳನ್ನೂ ಚಾವಣಿಯನ್ನೂ ಬಣ್ಣ ಹಚ್ಚದೆ ಒರಟಾಗಿಯೇ ಬಿಟ್ಟಿದ್ದಾರೆ. ಕಟ್ಟಡದ ಮಿಕ್ಕೆಲ್ಲ ಕಡೆ ನಯವಾದ ಮೇಲ್ಮೈಯ ಹಿಂದೆ ಅಡಗಿರುವ ದುಡಿಯುವ ಮೈ ಇಲ್ಲಿ ಕಾಣಿಸುತ್ತದೆ. ಗಾಲಿಕುರ್ಚಿಯವರಿಗೆ ಇಳಿಜಾರೂ ಲಿಫ್ಟೂ ಬಂದಿವೆ. ಮೀಸ್ ಯೋಚಿಸದೆ ಬಿಟ್ಟ ಜನರಿಗೆ ಸ್ಥಳ ಮಾಡಿಕೊಟ್ಟದ್ದು ಮೀಸರಿಗೆ ಮಾಡಿದ ದ್ರೋಹವೆಂದು ಯಾರೂ ಹೇಳಲಾರರು.

2021ರ ಆಗಸ್ಟ್ 22ರಂದು ಚಿತ್ರಶಾಲೆ ಮತ್ತೆ ಜನರಿಗೆ ತೆರೆಯಿತು. ಸಭಾಂಗಣದಲ್ಲಿ ಅಲೆಕ್ಸಾಂಡರ್ ಕಾಲ್ಡರರ ಲೋಹದ ಕೃತಿಗಳು. ಮೊದಲ ಉದ್ಘಾಟನೆಯ ದಿನ ಜಗಲಿಯ ಮೇಲಿದ್ದ ಅವರ ದೊಡ್ಡ ಉಕ್ಕಿನ ಶಿಲ್ಪವೂ ತನ್ನ ಜಾಗಕ್ಕೆ ಬಂದಿತ್ತು. ಗೋಡೆ ಬೇಡದ, ಬೆಳಕಿಗೆ ಅಂಜದ ಕೃತಿಗಳನ್ನು ಆರಿಸಿದ್ದು ಒಳ್ಳೆಯ ವಿವೇಕ. ಕೆಳಗೆ, 1900ರಿಂದ 1945ರವರೆಗಿನ ಸಂಗ್ರಹ. ಅದರಲ್ಲಿ ಅವಮಾನಕ್ಕೆ ಗುರಿಯಾದ ಕಲಾವಿದರ ಚಿತ್ರಗಳೂ ಇದ್ದವು.

ಈ ಕಟ್ಟಡದ ಗಾಜಿನ ಮೂಲಕ ಹೊರಗೆ ನೋಡಿದರೆ ಅತಿ ಸಮೀಪದಲ್ಲಿ ಕಾಣುವುದು ಇಟ್ಟಿಗೆಯ ಒಂದು ಹಳೆಯ ಪ್ರೊಟೆಸ್ಟೆಂಟ್ ದೇವಾಲಯ, ಸಂತ ಮತ್ತಾಯರದು. ಗಾಯಗಳನ್ನು ಉಳಿಸಿಕೊಂಡ ಆ ನೋಯೆಸ್ ಮ್ಯೂಸಿಯಮ್ಮಿನ ಶಿಲ್ಪಿ ಫ್ರೀಡ್ರಿಶ್ ಆಗಸ್ಟ್ ಸ್ಟ್ಯೂಲರರೇ ಇದನ್ನೂ 1840ರ ದಶಕದಲ್ಲಿ ಕಟ್ಟಿದವರು. ಇದರ ಸುತ್ತಲಿನ ಬಡಾವಣೆಯ ಬಹುಭಾಗವನ್ನು ಹಿಟ್ಲರನ ರಾಜಧಾನಿ ಯೋಜನೆಗಾಗಿ ಕೆಡವಲಾಯಿತು, ಉಳಿದದ್ದು ಯುದ್ಧಕ್ಕೆ ಆಹುತಿಯಾಯಿತು. ದೇವಾಲಯವೂ ಸುಟ್ಟಿತ್ತು, 1960ರ ಹೊತ್ತಿಗೆ ಮತ್ತೆ ನಿಂತಿತು. 1945ರಲ್ಲಿ ನಾಟ್ಸಿಗಳು ನೇಣಿಗೇರಿಸಿದ ಡೀಟ್ರಿಶ್ ಬೊನ್‌ಹೋಫರ್ ಸಭಾಪಾಲಕರಾಗಿ ದೀಕ್ಷೆ ಪಡೆದದ್ದು 1931ರ ನವೆಂಬರಿನಲ್ಲಿ, ಇದೇ ದೇವಾಲಯದಲ್ಲಿ. ಮೀಸ್ ತಮ್ಮ ಕಟ್ಟಡದ ಜಗಲಿಯನ್ನು ಕಟ್ಟುವಾಗ ಸುತ್ತ ಬಹುಪಾಲು ಬಯಲೇ ಇತ್ತು. ಈಗ ಪಕ್ಕದ ಜಾಗದಲ್ಲಿ, ನೆಲಮಾಳಿಗೆಯಲ್ಲಿ ಹಿಡಿಸದ ಚಿತ್ರಗಳಿಗಾಗಿ ಸ್ವಿಸ್ ವಾಸ್ತುಶಿಲ್ಪಿಗಳಾದ ಹೆರ್ಜೋಗ್ ಮತ್ತು ಡ ಮ್ಯೂರನ್ ಅವರ ದೊಡ್ಡ ಸಂಗ್ರಹಾಲಯವೊಂದರ ಕೆಲಸ 2019ರಲ್ಲಿ ಆರಂಭವಾಗಿದೆ. ಅದಕ್ಕೆ ಮೊದಲು ಎಣಿಸಿದ್ದ 20 ಕೋಟಿ ಯೂರೊ ಆ ವರ್ಷವೇ 45 ಕೋಟಿಗೆ ಏರಿತ್ತು. ಆ ನಿವೇಶನದಲ್ಲಿದ್ದ ಹಳೆಯ ಮರವೊಂದನ್ನು ಕಡಿಯದೆ ಉಳಿಸಿಕೊಂಡು ಕಟ್ಟಡದ ನಕ್ಷೆಯನ್ನು ರಚಿಸಿದ್ದಾರೆ.